ಸತ್ತ ಕೋಳಿಯ ಕರುಳಿನಲ್ಲಿ ರೋಗನಿರೋಧಕ ಅಂಗಾಂಶವನ್ನು ಗುರುತಿಸಿ ನೋಡುವ ಕ್ರಮ

ಕೋಳಿಯನ್ನು ಅಡುಗೆಗೆ ಶುಚಿಮಾಡುವಾಗ ಬಾಲದ ಬುಡದಲ್ಲಿರುವ ಮಲದ್ವಾರದ ಭಾಗವನ್ನು ಎಲ್ಲರೂ ಕತ್ತರಿಸಿ ಎಸೆಯುತ್ತಾರೆ. ಎಳೆಯ ಕೋಳಿಯಾಗಿದ್ದರೆ ಆ ತುಂಡಿನ ಒಳಗೆ ಸುಲಿದ ಅಡಿಕೆಯಷ್ಟು ದಪ್ಪದ, ಕೆನೆಬಣ್ಣದ ಒಂದು ಪುಟ್ಟ ಚೀಲವಿರುತ್ತದೆ. ಅದಕ್ಕೆ ಬರ್ಸಾ ಎಂದು ಹೆಸರು. ನಾವು ಹಾಕಿಸುವ ಲಸಿಕೆ ಕೋಳಿಯ ಮೈಯಲ್ಲಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಈ ಚೀಲವೇ ನಿರ್ಧರಿಸುತ್ತದೆ ಎಂದು ನನಗೆ ತಿಳಿದದ್ದು ಒಂದು ತಂಡದ ಮರಿಗಳನ್ನು ಕಳೆದುಕೊಂಡ ಮೇಲೆ.

ಕಾಸರಗೋಡಿನ ನಮ್ಮ ಕಡೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಸುತ್ತಮುತ್ತ, ಅಡಿಕೆ ತೋಟದ ಮಗ್ಗುಲಿಗೆ ಒಂದು ಗೂಡು ಕಟ್ಟಿ ಮೂವತ್ತು ನಲವತ್ತು ಕೋಳಿ ಸಾಕುವವರು ಬಹಳ ಮಂದಿ ಇದ್ದಾರೆ. ನಾನೂ ಹಾಗೆಯೇ ಸಾಕುತ್ತಿದ್ದೆ. ಒಂದು ಮಳೆಗಾಲದಲ್ಲಿ, ಕೊಕ್ಕರೆ ರೋಗ ತಡೆಯುವ ಲಾಸೋಟ ಲಸಿಕೆಯನ್ನು ಮೊದಲ ವಾರದಲ್ಲಿಯೂ ಮೂರನೆಯ ವಾರದಲ್ಲಿಯೂ ತಪ್ಪದೆ ಕೊಟ್ಟಿದ್ದ ಮರಿಗಳು ಏಳನೆಯ ವಾರಕ್ಕೆ ಅದೇ ರೋಗ ತಗಲಿ ಸಾಲುಸಾಲಾಗಿ ಸತ್ತವು. ಮಲಯಾಳದವರು ಕೋಳಿವಸಂತ ಎನ್ನುವುದು ಈ ರೋಗವನ್ನೇ. ಲಸಿಕೆಯೇ ಕೆಟ್ಟಿತ್ತು ಎಂದು ನಾನು ದೂರಿಕೊಳ್ಳುತ್ತಿದ್ದಾಗ, ಮನೆಗೆ ಬಂದ ಪಶುವೈದ್ಯರು ಸತ್ತ ಕೋಳಿಯೊಂದನ್ನು ಅಂಗಳದ ಬದಿಯಲ್ಲಿಯೇ ಕೊಯ್ದು, ಬಾಲದ ಬುಡದಿಂದ ಏನನ್ನೋ ಬಿಡಿಸಿ ನನ್ನ ಅಂಗೈಗೆ ಹಾಕಿದರು. ಅದು ದೊಡ್ಡ ಕಾಳುಮೆಣಸಿನಷ್ಟಿತ್ತು. ಆ ವಯಸ್ಸಿನಲ್ಲಿ ಅದು ಅಡಿಕೆಯಷ್ಟು ಇರಬೇಕಾಗಿತ್ತು ಎಂದರು. ಮರಿಗಳಿಗೆ ಮೊದಲ ಎರಡು ಮೂರು ವಾರಗಳಲ್ಲಿಯೇ, ನನಗೆ ಗೊತ್ತಾಗದ ಹಾಗೆ, ಗುಂಬೋರೊ ಎಂಬ ವೈರಸ್ ರೋಗ ತಗಲಿ ಬರ್ಸಾ ಸುಟ್ಟುಹೋಗಿತ್ತು. ರೋಗಾಣುವನ್ನು ಎದುರಿಸುವ ಪ್ರತಿಕಾಯ ತಯಾರಿಸುವ ಕಣಗಳು ಬೆಳೆಯುವುದು ಆ ಚೀಲದಲ್ಲಿ; ಆ ಕಣಗಳೇ ಇಲ್ಲದ ಮೇಲೆ ಲಸಿಕೆ ಯಾರಿಗೆ ಪಾಠ ಹೇಳಬೇಕು?

ಅಂದಿನಿಂದ ನಾನು ಒಂದು ಕೋಳಿ ಸತ್ತರೂ ಅದನ್ನು ತೆರೆದು ನೋಡದೆ ಹೂಳಿದವನಲ್ಲ. ಹಾಗೆ ನೋಡಲು ಬಯಸುವವರಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇನೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ವೈದ್ಯರಿಗೆ ಏನು ಹೇಳಬೇಕು, ಯಾವುದನ್ನು ತೋರಿಸಬೇಕು ಎಂದು ತಿಳಿಯುವುದಕ್ಕಷ್ಟೇ ಇದು ಒದಗುತ್ತದೆ.

ಕರುಳಿಗೆ ಇಷ್ಟು ಮಹತ್ವ ಏಕೆ

ದನ, ಆಡು, ಮನುಷ್ಯರ ಮೈಯಲ್ಲಿ ಕಂಕುಳು, ತೊಡೆಸಂದು, ಕುತ್ತಿಗೆಗಳಲ್ಲಿ ದುಗ್ಧರಸ ಗ್ರಂಥಿಗಳಿದ್ದು ರೋಗಾಣುಗಳನ್ನು ತಡೆದು ನಿಲ್ಲಿಸುತ್ತವೆ. ಕೋಳಿಗೆ ಅಂತಹ ಅಚ್ಚುಕಟ್ಟಾದ ಗ್ರಂಥಿಗಳಿಲ್ಲ. ಅದರ ಬದಲಿಗೆ ಅನ್ನನಾಳದ ತುದಿಯಿಂದ ಮಲದ್ವಾರದವರೆಗೆ ಕರುಳಿನ ಗೋಡೆಯಲ್ಲಿಯೇ ಅಲ್ಲಲ್ಲಿ ರೋಗನಿರೋಧಕ ಕಣಗಳು ಗುಂಪುಗೂಡಿ ಕಾವಲು ನಿಂತಿರುತ್ತವೆ. ನೆಲವನ್ನು ಕೆದಕಿ, ಹಿಕ್ಕೆ ಬಿದ್ದ ಜಾಗದಿಂದಲೇ ಕಾಳು ಹೆಕ್ಕುವ ಹಕ್ಕಿಗೆ ರೋಗಾಣು ಹೆಚ್ಚಾಗಿ ಬಾಯಿಯ ಮೂಲಕವೇ ಒಳಹೋಗುವುದರಿಂದ ಕಾವಲು ಅಲ್ಲಿಯೇ ಇರುವುದು ಸಹಜ.

ಬರ್ಸಾವನ್ನು ಮೊದಲು ವಿವರಿಸಿದವನು ಇಟಲಿಯ ಪಾದುವಾದಲ್ಲಿದ್ದ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಷಿಯಸ್. ಅವನು ತೀರಿಹೋದ ಮೇಲೆ, 1621ರಲ್ಲಿ, ಅವನ ಬರಹ ಪ್ರಕಟವಾಯಿತು. ಆ ಚೀಲದ ಕೆಲಸವೇನೆಂಬುದು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ತಿಳಿಯದೆ ಉಳಿಯಿತು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಬರ್ಸಾ ತೆಗೆದುಹಾಕಿದ್ದ ಕೋಳಿಗಳಲ್ಲಿ ಕೆಲವನ್ನು ತಿಮೋತಿ ಚಾಂಗ್ ಎಂಬ ಸಹಪಾಠಿ ತರಗತಿಯ ಪಾಠಕ್ಕೆಂದು ಕೊಂಡೊಯ್ದು, ಪ್ರತಿಕಾಯ ಹುಟ್ಟುವುದನ್ನು ತೋರಿಸಲು ಸಾಲ್ಮೊನೆಲ್ಲಾ ರೋಗಾಣುವಿನ ಅಂಶವನ್ನು ಚುಚ್ಚಿದಾಗ ಪ್ರತಿಕಾಯ ಹುಟ್ಟಲೇ ಇಲ್ಲ. ಅದರ ಬೆನ್ನುಹತ್ತಿ ಹೋದವರು ಬರೆದ ಲೇಖನ 1956ರಲ್ಲಿ ಕೋಳಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂತು. ಪ್ರತಿಕಾಯ ತಯಾರಿಸುವ ಬಿಳಿಕಣಗಳಿಗೆ ಬಿ ಕಣ ಎಂಬ ಹೆಸರು ಬರ್ಸಾದ ಮೊದಲ ಅಕ್ಷರದಿಂದಲೇ ಬಂದಿದೆ. ಮನುಷ್ಯರ ರಕ್ತಪರೀಕ್ಷೆಯ ಚೀಟಿಯಲ್ಲಿ ಇಂದು ಕಾಣುವ ಆ ಅಕ್ಷರದ ಮೂಲ ಕೋಳಿಯ ಬಾಲದ ಬುಡದಲ್ಲಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ತೆರೆಯುವ ಮೊದಲು

ಎಲ್ಲ ಸಾವಿನಲ್ಲಿಯೂ ಕೋಳಿಯನ್ನು ತೆರೆಯಬಾರದು. ಒಂದೆರಡು ದಿನಗಳಲ್ಲಿ ಒಮ್ಮೆಲೇ ಬಹಳ ಕೋಳಿಗಳು ಸತ್ತರೆ, ಮುಖ ಊದಿ ಜುಟ್ಟು ನೀಲಿಗಟ್ಟಿದ್ದರೆ, ಸುತ್ತಲಿನ ಕಾಗೆ ಕೊಕ್ಕರೆ ಬಾತುಗಳೂ ಸಾಯುತ್ತಿದ್ದರೆ ಹಕ್ಕಿಜ್ವರದ ಶಂಕೆ ಇರುತ್ತದೆ. ಅಂತಹ ಕೋಳಿಯನ್ನು ಮುಟ್ಟದೆ ಹತ್ತಿರದ ಮೃಗಾಸ್ಪತ್ರೆಗೆ ತಿಳಿಸಬೇಕು. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಆ ರೋಗ ಹರಡಿದ್ದು ಅನೇಕರಿಗೆ ನೆನಪಿರಬಹುದು. ಇದು ಮನುಷ್ಯರಿಗೂ ತಗಲಬಹುದಾದ ರೋಗವಾದ್ದರಿಂದ ಇಲ್ಲಿ ಕುತೂಹಲಕ್ಕೆ ಎಡೆಯಿಲ್ಲ.

ಒಂದೊಂದಾಗಿ ಸಾಯುವ ಕೋಳಿಗಳನ್ನು ನೋಡಬಹುದು. ಆದರೆ ನಮ್ಮ ಹವೆಯಲ್ಲಿ ಕರುಳು ಬಹಳ ಬೇಗ ಕೊಳೆಯುತ್ತದೆ. ಸತ್ತು ಎರಡು ಮೂರು ಗಂಟೆಯೊಳಗೆ ತೆರೆದರೆ ಕಂಡದ್ದನ್ನು ನಂಬಬಹುದು. ರಾತ್ರಿ ಸತ್ತು ಬೆಳಗ್ಗೆ ಹೊಟ್ಟೆ ಹಸಿರಾಗಿ ಸಿಕ್ಕಿದ ಕೋಳಿಯ ಕರುಳಿನ ಬಣ್ಣದಿಂದ ಯಾವ ತೀರ್ಮಾನಕ್ಕೂ ಬರಬಾರದು. ತಕ್ಷಣ ಕೊಯ್ಯಲಾಗದಿದ್ದರೆ ಸಾಬೂನು ನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿಡಬೇಕು. ಫ್ರೀಜರಿನಲ್ಲಿ ಇಡಬಾರದು, ಗಟ್ಟಿಯಾಗಿ ಕರಗಿದ ಅಂಗಾಂಶ ಸೂಕ್ಷ್ಮದರ್ಶಕದ ಪರೀಕ್ಷೆಗೆ ಪ್ರಯೋಜನಕ್ಕೆ ಬರುವುದಿಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ. ಹರಿತವಾದ ಒಂದು ಚಾಕು, ಒಂದು ಕತ್ತರಿ, ಕೈಗವಸು, ಮಾಸ್ಕ್, ಶಾಲೆಯ ಮಕ್ಕಳ ಅಳತೆಪಟ್ಟಿ, ಫೋನಿನ ಕ್ಯಾಮೆರಾ ಇವಿಷ್ಟು ಸಾಕು. ಅಂಗಗಳನ್ನು ಇಟ್ಟು ನೋಡಲು ನಾನು ಅಡಿಕೆ ಹಾಳೆಯ ತಟ್ಟೆಯನ್ನು ಬಳಸುತ್ತೇನೆ. ಅದರ ತಿಳಿಬಣ್ಣದ ಮೇಲೆ ರಕ್ತದ ಕಲೆ ಎದ್ದು ಕಾಣುತ್ತದೆ, ಕೆಲಸ ಮುಗಿದ ಮೇಲೆ ಕೋಳಿಯ ಜೊತೆಗೆ ಹೂಳಿಯೂ ಬಿಡಬಹುದು. ಗೂಡಿನಿಂದಲೂ ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ತೋಡುಗಳಿಂದಲೂ ದೂರದಲ್ಲಿ ಕುಳಿತು ಕೊಯ್ಯಬೇಕು. ಆಳವಾದ ಗುಂಡಿಯನ್ನು ಮೊದಲೇ ತೋಡಿ ಸುಣ್ಣ ತಂದಿಟ್ಟುಕೊಂಡಿರಬೇಕು.

ಕೊಯ್ಯುವುದು ಮತ್ತು ಹುಡುಕುವುದು

ಪುಕ್ಕಗಳು ಹಾರದಂತೆ ಕೋಳಿಯನ್ನು ಸಾಬೂನು ನೀರಿನಲ್ಲಿ ಪೂರ್ತಿ ಒದ್ದೆ ಮಾಡಿ, ಬೆನ್ನಡಿಯಾಗಿ ಮಲಗಿಸಿ, ಎರಡು ತೊಡೆಗಳನ್ನೂ ಸಂದಿನ ಬಳಿ ಒತ್ತಿ ಕೀಲು ತಪ್ಪಿಸಿದರೆ ಅದು ಅಲ್ಲಾಡದೆ ನಿಲ್ಲುತ್ತದೆ. ಎದೆಯೆಲುಬಿನ ತುದಿಗೂ ಮಲದ್ವಾರಕ್ಕೂ ನಡುವೆ ಚರ್ಮವನ್ನು ಅಡ್ಡಲಾಗಿ ಸೀಳಿ ಎದೆಯ ಕಡೆಗೆ ಸುಲಿಯಿರಿ. ಎದೆ ಮತ್ತು ತೊಡೆಯ ಮಾಂಸದಲ್ಲಿ ಚುಕ್ಕೆ ಚುಕ್ಕೆಯಾಗಿ ಅಥವಾ ಗೆರೆಯಾಗಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಈಗಲೇ ನೋಡಿಕೊಳ್ಳಬೇಕು, ಏಕೆಂದರೆ ಗುಂಬೋರೊ ರೋಗದಲ್ಲಿ ಇದು ಅನೇಕ ಬಾರಿ ಕಾಣಿಸುತ್ತದೆ. ಅನಂತರ ಹೊಟ್ಟೆಯ ಪದರವನ್ನು ಕರುಳಿಗೆ ತಗಲದಂತೆ ಕತ್ತರಿಸಿ, ಎರಡೂ ಬದಿಯ ಪಕ್ಕೆಲುಬುಗಳನ್ನು ಕತ್ತರಿಯಿಂದ ತುಂಡರಿಸಿ, ಎದೆಗೂಡನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಬೇಕು.

ಮೊದಲು ಗುಲ್ಮವನ್ನು ಹುಡುಕಿ. ಕಾಳು ಅರೆಯುವ ಗಟ್ಟಿ ಹೊಟ್ಟೆಗೂ ಅದರ ಮುಂದಿನ ಮೆತ್ತನೆಯ ಗ್ರಂಥಿಹೊಟ್ಟೆಗೂ ಸಂದಿಯಲ್ಲಿ, ಕಂದುಗೆಂಪು ಬಣ್ಣದ ಗೋಲಿಯಂತೆ ಅದು ಅಡಗಿರುತ್ತದೆ. ಗುಲ್ಮವು ಕರುಳಿನ ಭಾಗವಲ್ಲ, ಆದರೂ ಅದನ್ನು ಬಿಡಿಸಿ ತಟ್ಟೆಯಲ್ಲಿ ಇಟ್ಟುಕೊಂಡಿರಬೇಕು. ಬರ್ಸಾದ ಗಾತ್ರವನ್ನು ಹೋಲಿಸಲು ಅದೇ ನಮ್ಮ ಅಳತೆಗೋಲು.

ಈಗ ಅನ್ನನಾಳವನ್ನು ಗ್ರಂಥಿಹೊಟ್ಟೆಗಿಂತ ಸ್ವಲ್ಪ ಮೇಲೆ ಕತ್ತರಿಸಿ, ಕರುಳನ್ನು ಮೆಲ್ಲನೆ ಬಾಲದ ಕಡೆಗೆ ಎಳೆದುಕೊಂಡು ಹೋಗಿ, ಹಿಂದಿನ ತುದಿಯನ್ನು ಕತ್ತರಿಸದೆ ಹಾಗೆಯೇ ಉಳಿಸಿ. ಅನ್ನನಾಳವು ಗ್ರಂಥಿಹೊಟ್ಟೆಯನ್ನು ಸೇರುವಲ್ಲಿಯೂ, ಗಟ್ಟಿ ಹೊಟ್ಟೆಯಿಂದ ಕರುಳು ಹೊರಡುವಲ್ಲಿಯೂ ಉಂಗುರದಂತೆ ಟಾನ್ಸಿಲ್, ಅಂದರೆ ಕಾವಲು ಕಣಗಳು ಗುಂಪುಗೂಡಿದ ಅಂಗಾಂಶವಿದೆ. ಇವೆರಡೂ ಬರಿಗಣ್ಣಿಗೆ ಹೆಚ್ಚೇನೂ ಹೇಳುವುದಿಲ್ಲ. ಆದರೆ ಗ್ರಂಥಿಹೊಟ್ಟೆಯನ್ನು ಸೀಳಿ ತೊಳೆದಾಗ ಅದರ ಒಳಗಿನ ಸಣ್ಣ ಗುಳ್ಳೆಗಳ ತುದಿಯಲ್ಲಿ ರಕ್ತದ ಚುಕ್ಕೆಗಳು ಕಂಡರೆ ಕೊಕ್ಕರೆ ರೋಗದ ಯೋಚನೆ ಬರಲೇಬೇಕು.

ಕರುಳಿನ ಮೊದಲ ಮಡಿಕೆಯಲ್ಲಿ ಮೇದೋಜೀರಕ ಗ್ರಂಥಿ ಕುಳಿತಿರುತ್ತದೆ. ಅಲ್ಲಿಂದ ಮುಂದೆ ಕರುಳನ್ನು ಬೆರಳ ನಡುವೆ ಹಾಯಿಸಿಕೊಂಡು ಹೋದಾಗ, ಸುಮಾರು ಮಧ್ಯದಲ್ಲಿ, ಮೊಲೆತೊಟ್ಟಿನಂತಹ ಒಂದು ಪುಟ್ಟ ಮೊನೆ ಸಿಗುತ್ತದೆ. ಇದು ಮೆಕೆಲ್ ಮೊನೆ. ಮರಿ ಮೊಟ್ಟೆಯೊಳಗಿದ್ದಾಗ ಹಳದಿಯ ಚೀಲ ಅಂಟಿಕೊಂಡಿದ್ದ ಜಾಗವಿದು. ಹಳದಿ ಇಂಗಿದ ಮೇಲೆ ಉಳಿದ ತೊಟ್ಟಿನಲ್ಲಿ ಕಾವಲು ಕಣಗಳು ಬಂದು ನೆಲೆಸುತ್ತವೆ. ಹಳದಿಯ ಚೀಲದ ತೊಟ್ಟೇ ಮುಂದೆ ಮರಿಯ ಸ್ವಂತ ಕಾವಲುಠಾಣೆಯಾಗುತ್ತದೆ. ಈ ಮೊನೆ ಒಂದು ಮೈಲಿಗಲ್ಲೂ ಹೌದು: ಇದರ ಆಚೀಚೆ ಕರುಳು ಉಬ್ಬಿ, ಹೊರಗಿನಿಂದಲೇ ಬಿಳಿ ಕೆಂಪು ಚುಕ್ಕೆಗಳು ಕಂಡರೆ ಅದು ಕಾಕ್ಸಿಡಿಯ ಎಂಬ ಸೂಕ್ಷ್ಮ ಪರಾವಲಂಬಿ ನಡುಗರುಳಿನಲ್ಲಿ ತರುವ ರೋಗದ ಲಕ್ಷಣ.

ಪೇಯರ್ ಪಟ್ಟಿಗಳು ಎಂಬ, ಕಾವಲು ಕಣಗಳು ಗುಂಪುಗೂಡಿದ ತೇಪೆಗಳನ್ನು ಆರೋಗ್ಯವಂತ ಕೋಳಿಯಲ್ಲಿ ಕಾಣುವುದು ಕಷ್ಟ. ಎಳೆಯ ಕೋಳಿಯಲ್ಲಿ ಅಂಥವು ಕೆಲವು ಇರುತ್ತವೆ, ಅವುಗಳಲ್ಲಿ ಒಂದು ಮಾತ್ರ ಸಣ್ಣ ಕರುಳಿನ ಕೊನೆಯಲ್ಲಿ, ಕುರುಡುಗರುಳುಗಳ ಬಾಯಿಗಿಂತ ಸ್ವಲ್ಪ ಹಿಂದೆ, ಹೆಚ್ಚು ಖಚಿತವಾಗಿ ಸಿಗುತ್ತದೆ. ಕರುಳನ್ನು ಉದ್ದಕ್ಕೆ ಸೀಳಿ ನೀರಿನಲ್ಲಿ ಮೆಲ್ಲನೆ ಆಡಿಸಿ ಬೆಳಕಿಗೆ ಹಿಡಿದರೆ ಅಲ್ಲಿ ಗೋಡೆ ಕೊಂಚ ದಪ್ಪವಾಗಿರುವುದು ತಿಳಿಯುತ್ತದೆ. ಕೊಕ್ಕರೆ ರೋಗದಲ್ಲಿ ಮಾತ್ರ ಇವುಗಳನ್ನು ಹುಡುಕಬೇಕಾಗಿಲ್ಲ; ಗುಂಡಿ ಹೊಲಿದಂತೆ ಕಪ್ಪುಗೆಂಪಾಗಿ, ಕರುಳಿನ ಹೊರಗಿನಿಂದಲೇ ಕಣ್ಣಿಗೆ ಬೀಳುತ್ತವೆ.

ಕೋಳಿಗೆ ಕುರುಡುಗರುಳು ಒಂದಲ್ಲ, ಎರಡು. ಸಣ್ಣ ಕರುಳು ಮುಗಿಯುವಲ್ಲಿ ಇಬ್ಬದಿಗೂ ಉದ್ದನೆಯ ಚೀಲಗಳಂತೆ ಇಳಿದಿರುವ ಇವುಗಳ ಕುತ್ತಿಗೆಯಲ್ಲಿ, ಅಂದರೆ ಕವಲಿಗೆ ಅತಿ ಹತ್ತಿರದಲ್ಲಿ, ಒಂದೊಂದು ಟಾನ್ಸಿಲ್ ಇದೆ. ಬರ್ಸಾವನ್ನು ಬಿಟ್ಟರೆ ಬರಿಗಣ್ಣಿಗೆ ಚೆನ್ನಾಗಿ ಕಾಣುವ ಅಂಗಾಂಶ ಇದೇ. ಆಗತಾನೆ ಹುಟ್ಟಿದ ಮರಿಯಲ್ಲಿ ಇದು ಬರಿಗಣ್ಣಿಗೆ ಕಾಣುವಷ್ಟು ಬೆಳೆದಿರುವುದಿಲ್ಲ. ಮರಿ ತಿನ್ನತೊಡಗಿ, ಕರುಳಿನಲ್ಲಿ ಸೂಕ್ಷ್ಮಜೀವಿಗಳು ನೆಲೆಸಿದ ಹಾಗೆಲ್ಲ ಇದು ಬೆಳೆಯುತ್ತದೆ. ಮರಿ ಮನೆಗೆ ಬಂದೊಡನೆ ನೀರು, ಆಹಾರ ಕೊಡಬೇಕು, ತಡಮಾಡಬಾರದು ಎನ್ನುವುದಕ್ಕೆ ಹಸಿವೊಂದೇ ಕಾರಣವಲ್ಲ. ಬೇಗ ತಿಂದ ಮರಿಯಲ್ಲಿ ಕರುಳಿನ ಕಾವಲೂ ಬೇಗ ಬಲಿಯುತ್ತದೆ. ಟಾನ್ಸಿಲ್ ನೋಡಲು ಕವಲಿನಿಂದಲೇ ಕತ್ತರಿ ಹಾಕಿ ಎರಡೂ ಚೀಲಗಳನ್ನು ಉದ್ದಕ್ಕೆ ಸೀಳಬೇಕು. ಒಳಗಿನ ಕಂದುಬಣ್ಣದ ಅಂಟು ಹಿಕ್ಕೆ ಸಹಜವಾದದ್ದು, ಅದನ್ನು ರೋಗವೆಂದು ತಿಳಿಯಬಾರದು. ತೊಳೆದಾಗ ಕುತ್ತಿಗೆಯ ಬಳಿ ನಸುಗೆಂಪಾದ, ಸ್ವಲ್ಪ ಉಬ್ಬಿದ ಜಾಗ ಕಾಣುತ್ತದೆ. ಅಲ್ಲಿ ಕಡುಗೆಂಪು ರಕ್ತಸ್ರಾವ, ಊತ, ಹುಣ್ಣು ಇದ್ದರೆ ಕೊಕ್ಕರೆ ರೋಗವಿರಬಹುದು. ಆದರೆ ಹಕ್ಕಿಜ್ವರದಲ್ಲಿಯೂ ಇದೇ ಚಿತ್ರ ಕಾಣಬಹುದು, ಬೇರೆ ಕಾರಣಗಳಿಂದಲೂ ಕೆಂಪಾಗಬಹುದು. ಟಾನ್ಸಿಲ್ ಕೆಂಪಾಗಿದೆ ಎಂಬ ಒಂದೇ ಗುರುತನ್ನು ಹಿಡಿದು ರೋಗದ ಹೆಸರು ಹೇಳುವವರನ್ನು ನಾನು ಒಪ್ಪುವುದಿಲ್ಲ. ಚೀಲಗಳ ತುಂಬ ರಕ್ತವೇ ಇದ್ದರೆ ಅದು ಬೇರೆ ಸಂಗತಿ, ರಕ್ತಭೇದಿ ತರುವ ಕುರುಡುಗರುಳಿನ ಕಾಕ್ಸಿಡಿಯ.

ಬರ್ಸಾ

ಕೋಳಿ ಬೆನ್ನಡಿಯಾಗಿ ಮಲಗಿರುವುದರಿಂದ ಬರ್ಸಾ ಮೇಲೆ ಕಾಣುವುದಿಲ್ಲ. ಅದು ಕೊನೆಯ ಕರುಳಿಗೂ ಬೆನ್ನುಮೂಳೆಗೂ ನಡುವೆ ಕೆಳಗೆ ಅಡಗಿರುತ್ತದೆ. ಕೊನೆಯ ಕರುಳನ್ನು ಎಡಗೈಯಿಂದ ಎತ್ತಿ ತಲೆಯ ಕಡೆಗೆ ಮೆಲ್ಲನೆ ಎಳೆದು ಹಿಡಿದರೆ, ಮಲದ್ವಾರದ ಸಮೀಪ ಅದರ ಹಿಂಬದಿಗೆ ಅಂಟಿಕೊಂಡ ದುಂಡಗಿನ ಚೀಲ ಬೆರಳಿಗೆ ತಗಲುತ್ತದೆ. ಸುತ್ತಲಿನ ಕೊಬ್ಬನ್ನು ಬೆರಳಿನಿಂದಲೇ ಬಿಡಿಸಬೇಕು, ಇಲ್ಲಿ ಚಾಕು ಬೇಡ. ಬಿಡಿಸಿದ ಮೇಲೆ ಗುಲ್ಮದ ಪಕ್ಕದಲ್ಲಿಟ್ಟು ಅಳತೆಪಟ್ಟಿ ಸಮೇತ ಫೋಟೋ ತೆಗೆಯಬೇಕು. ಮೂರರಿಂದ ಐದು ವಾರದ ಆರೋಗ್ಯವಂತ ಮರಿಯಲ್ಲಿ ಬರ್ಸಾ ಗುಲ್ಮಕ್ಕಿಂತ ದೊಡ್ಡದಾಗಿರಬೇಕು. ಗುಲ್ಮಕ್ಕಿಂತ ಚಿಕ್ಕದಾಗಿದ್ದರೆ ಸಂಶಯಪಡಬೇಕು.

ಚೀಲವನ್ನು ಮಧ್ಯಕ್ಕೆ ಸೀಳಿದಾಗ ಒಳಗೆ ಸೀರೆಯ ನೆರಿಗೆಯಂತೆ ಉದ್ದುದ್ದ ಮಡಿಕೆಗಳು ಒತ್ತಾಗಿ ನಿಂತಿರುವುದು ಕಾಣುತ್ತದೆ. ಹತ್ತು ಹನ್ನೆರಡು ನೆರಿಗೆಗಳಿರಬಹುದು. ಆರೋಗ್ಯವಾಗಿದ್ದರೆ ಅವು ಬೆಣ್ಣೆಬಣ್ಣದಲ್ಲಿ, ತುಸು ಹೊಳಪಾಗಿ, ಬೆರಳಿಟ್ಟರೆ ತುಂಬಿಕೊಂಡಂತೆ ಇರುತ್ತವೆ. ಆ ನೆರಿಗೆಗಳ ಒಳಗೆ ಸುಮಾರು ಹತ್ತು ಸಾವಿರ ಗೂಡುಗಳಿದ್ದು, ಒಂದೊಂದರಲ್ಲಿಯೂ ಬಿ ಕಣಗಳು ಬೆಳೆಯುತ್ತವೆ.

ಗುಂಬೋರೊ ತಗಲಿದಾಗ ಈ ಚೀಲ ಒಂದು ವಾರದಲ್ಲಿ ಎರಡು ವೇಷ ತೊಡುತ್ತದೆ. ಅದನ್ನು ತಿಳಿಯದವರು ಇಲ್ಲಿಯೇ ಎಡವುತ್ತಾರೆ. ಸೋಂಕಾದ ಮೂರನೆಯ ದಿನದಿಂದ ಅದು ನೀರು ತುಂಬಿ ಊದುತ್ತದೆ, ನಾಲ್ಕನೆಯ ದಿನಕ್ಕೆ ತೂಕ ಎರಡು ಪಟ್ಟು ಆಗಬಹುದು, ಹೊರಗೆ ಹಳದಿ ಲೋಳೆಯ ಹೊದಿಕೆ ಇರುತ್ತದೆ, ಕೆಲವೊಮ್ಮೆ ಒಳಗೆಲ್ಲ ರಕ್ತ ಇಳಿದು ಮಾಗಿದ ಪುನರ್ಪುಳಿಯ ಬಣ್ಣಕ್ಕೆ ತಿರುಗುತ್ತದೆ. ಐದನೆಯ ದಿನ ಅದರ ತೂಕ ಸಹಜಕ್ಕೆ ಮರಳಿರುತ್ತದೆ. ಆ ದಿನ ನೋಡಿದವನು ಗಾತ್ರವನ್ನು ಮಾತ್ರ ಗಮನಿಸಿದರೆ ಎಲ್ಲ ಸರಿಯಿದೆ ಎಂದು ಮೋಸಹೋಗುತ್ತಾನೆ. ಎಂಟನೆಯ ದಿನಕ್ಕೆ ಅದು ಮೂರರಲ್ಲಿ ಒಂದು ಪಾಲಿಗೆ ಇಳಿದು, ಬೂದುಬಣ್ಣಕ್ಕೆ ತಿರುಗಿ, ನೆರಿಗೆಗಳು ತೆಳ್ಳಗಾಗಿರುತ್ತವೆ. ಆದ್ದರಿಂದ ಗಾತ್ರ, ಬಣ್ಣ, ನೆರಿಗೆ ಮೂರನ್ನೂ ನೋಡಬೇಕು, ಸಾಧ್ಯವಿದ್ದರೆ ಒಂದಲ್ಲ, ಎರಡು ಮೂರು ಕೋಳಿಗಳಲ್ಲಿ ನೋಡಬೇಕು.

ಈ ರೋಗ ಕಣ್ಣಿಗೆ ಕಾಣುವಂತೆ ಕೊಲ್ಲುವುದು ಹೆಚ್ಚಾಗಿ ಮೂರರಿಂದ ಆರು ವಾರದ ಮರಿಗಳನ್ನು. ಅದಕ್ಕಿಂತ ಎಳೆಯ ಮರಿಗಳಲ್ಲಿ ಹೊರಗೆ ಏನೂ ತೋರದೆ ಬರ್ಸಾ ಮಾತ್ರ ನಾಶವಾಗುತ್ತದೆ. ಮರಿ ಓಡಾಡುತ್ತದೆ, ತಿನ್ನುತ್ತದೆ, ಮಾರುವವನಿಗೂ ಕೊಳ್ಳುವವನಿಗೂ ಅನುಮಾನ ಬರುವುದಿಲ್ಲ. ನನ್ನ ತಂಡಕ್ಕೆ ಆದದ್ದು ಇದೇ.

ಆದರೂ ಸಣ್ಣ ಬರ್ಸಾ ಕಂಡ ಕೂಡಲೇ ಗುಂಬೋರೊ ಎಂದು ಕೂಗಬಾರದು. ಬರ್ಸಾ ವಯಸ್ಸಿಗೆ ಬಂದ ಕೋಳಿಯಲ್ಲಿ ತಾನಾಗಿಯೇ ಕರಗುತ್ತದೆ, ಮೊಟ್ಟೆ ಇಡುವ ಹೇಂಟೆಯಲ್ಲಿ ಅದನ್ನು ಹುಡುಕುವುದೇ ವ್ಯರ್ಥ. ಮ್ಯಾರೆಕ್ಸ್ ರೋಗ, ಬಹುದಿನದ ಹಸಿವು ಮತ್ತು ಒತ್ತಡ, ಬೂಸಲು ಹಿಡಿದ ಆಹಾರದ ಅಫ್ಲಾಟಾಕ್ಸಿನ್ ವಿಷ ಇವೆಲ್ಲವೂ ಅದನ್ನು ಕುಗ್ಗಿಸುತ್ತವೆ. ಕೊನೆಯದು ನಮ್ಮ ಊರಿನಲ್ಲಿ ಬಹಳ ಮುಖ್ಯ. ಆಟಿ ತಿಂಗಳ ಮಳೆಯಲ್ಲಿ ತೆಂಗಿನ ಹಿಂಡಿ, ಜೋಳ, ಕಡಲೆ ಹಿಂಡಿಗಳು ಗೋಣಿಯ ತಳದಿಂದ ಬೂಸಲು ಹಿಡಿಯುತ್ತವೆ, ಮೇಲಿನದನ್ನು ನೋಡಿ ಚೆನ್ನಾಗಿದೆ ಎಂದು ಹಾಕುತ್ತೇವೆ. ಗೋಣಿಯನ್ನು ನೆಲದಿಂದ ಎತ್ತರದ ಹಲಗೆಯ ಮೇಲಿಟ್ಟು, ಮಳೆಗಾಲದಲ್ಲಿ ಒಂದು ವಾರಕ್ಕಾಗುವಷ್ಟನ್ನೇ ತರುವುದು ಲೇಸು. ಬೂಸಲು ಹಿಡಿದದ್ದನ್ನು ಬಿಸಿಲಿಗೆ ಒಣಗಿಸಿದರೆ ವಿಷ ಹೋಗಿಬಿಡುತ್ತದೆ ಎಂದು ನಂಬಬಾರದು.

ಇದನ್ನೆಲ್ಲ ಸತ್ತ ಕೋಳಿಯಲ್ಲಿ ಗುರುತಿಸಬೇಕಾದರೆ ಆರೋಗ್ಯವಂತ ಕೋಳಿಯಲ್ಲಿ ಮೊದಲೇ ನೋಡಿರಬೇಕು. ಇದಕ್ಕೆ ಅಡುಗೆಮನೆಗಿಂತ ಒಳ್ಳೆಯ ಶಾಲೆಯಿಲ್ಲ. ಪೇಟೆಯ ಬ್ರಾಯ್ಲರ್ ಕೋಳಿಯನ್ನು ಸಾಮಾನ್ಯವಾಗಿ ಆರು ವಾರದ ಸುಮಾರಿಗೆ ಕೊಯ್ಯುತ್ತಾರೆ, ಅದು ಬರ್ಸಾ ಚೆನ್ನಾಗಿ ಬೆಳೆದಿರುವ ವಯಸ್ಸು. ಅಂಗಡಿಯವರಿಗೆ ಹೇಳಿದರೆ ಕರುಳು ಮತ್ತು ಬಾಲದ ತುಂಡನ್ನು ಬೇರೆ ಕಟ್ಟಿ ಕೊಡುತ್ತಾರೆ. ನಾಲ್ಕೈದು ಬಾರಿ ಹಾಗೆ ಬಿಡಿಸಿ ನೋಡಿದ ಮೇಲೆ ಕೈಗೂ ಕಣ್ಣಿಗೂ ಹಿಡಿತ ಬರುತ್ತದೆ.

ಮಾದರಿ ಕಳುಹಿಸುವುದು ಮತ್ತು ಮುಂದಿನ ತಂಡ

ಸಂಶಯ ಗಟ್ಟಿಯಾದರೆ ಬರ್ಸಾವನ್ನು ಎರಡು ಹೋಳು ಮಾಡಿ, ಒಂದನ್ನು ಶೇಕಡಾ 10ರ ಫಾರ್ಮಲಿನ್‌ನಲ್ಲಿ, ಅಂಗಾಂಶದ ಹತ್ತು ಪಟ್ಟು ದ್ರವವಿರುವಂತೆ ಅಗಲಬಾಯಿಯ ಶೀಶೆಯಲ್ಲಿ ಹಾಕಬೇಕು. ಇನ್ನೊಂದನ್ನು ಶುಚಿಯಾದ ಚೀಲದಲ್ಲಿ ಮಂಜುಗಡ್ಡೆಯ ಮೇಲಿಡಬೇಕು. ಮೊದಲನೆಯದು ಅಂಗಾಂಶದ ಪರೀಕ್ಷೆಗೆ, ಎರಡನೆಯದು ವೈರಸ್ ಪತ್ತೆಗೆ. ಟಾನ್ಸಿಲ್ ಮತ್ತು ಗುಲ್ಮದ ತುಂಡುಗಳನ್ನೂ ಹೀಗೆಯೇ ಸೇರಿಸಬಹುದು. ಫಾರ್ಮಲಿನ್ ಮೃಗಾಸ್ಪತ್ರೆಯಿಂದ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಡುವುದು ಒಳ್ಳೆಯದು. ಮಾದರಿಯನ್ನು ಆಸ್ಪತ್ರೆಯ ಮೂಲಕವೇ ಕಳುಹಿಸಬೇಕು. ಕೇರಳದ ಪ್ರಾಣಿರೋಗಗಳ ರಾಜ್ಯಮಟ್ಟದ ಸಂಸ್ಥೆ ತಿರುವನಂತಪುರದ ಪಾಲೋಡಿನಲ್ಲಿದೆ, ಅದು ನಮಗೆ ಬಹಳ ದೂರವಾದ್ದರಿಂದ ಎಲ್ಲಿಗೆ, ಹೇಗೆ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಚೀಟಿಯಲ್ಲಿ ಕೋಳಿಯ ವಯಸ್ಸು, ತಳಿ, ಸತ್ತ ಸಮಯ, ಯಾವ ಲಸಿಕೆ ಯಾವ ದಿನ ಎಂಬುದನ್ನು ತಪ್ಪದೆ ಬರೆಯಬೇಕು. ಗುಂಬೋರೊ ಲಸಿಕೆಗಳಲ್ಲಿ ಕೆಲವು ತೀವ್ರವಾದವು ತಾವೇ ಬರ್ಸಾವನ್ನು ಸ್ವಲ್ಪ ಕುಗ್ಗಿಸುತ್ತವೆ, ಲಸಿಕೆಯ ಹೆಸರು ತಿಳಿಯದಿದ್ದರೆ ಪರೀಕ್ಷಿಸುವವರಿಗೂ ಗೊಂದಲವಾಗುತ್ತದೆ.

ಬರ್ಸಾ ಹೋದ ತಂಡಕ್ಕೆ ಅದನ್ನು ಮರಳಿ ಕೊಡುವ ಔಷಧಿಯಿಲ್ಲ. ಮಾಡಬೇಕಾದ ಕೆಲಸ ಮುಂದಿನ ತಂಡಕ್ಕೆ. ಗುಂಬೋರೊ ವೈರಸ್ ಬಹಳ ಗಟ್ಟಿ ಜೀವ. ರೋಗ ಬಂದ ಗೂಡಿನಲ್ಲಿ 122 ದಿನಗಳ ಮೇಲೂ ಅದು ಸೋಂಕು ತರುವ ಶಕ್ತಿಯನ್ನು ಉಳಿಸಿಕೊಂಡಿದ್ದುದು ದಾಖಲಾಗಿದೆ. ಹಾಗಾಗಿ ಹಳೆಯ ಉಮಿಯನ್ನು ಪೂರ್ತಿ ತೆಗೆದು ತೋಟದ ಗೊಬ್ಬರಗುಂಡಿಯ ಆಳಕ್ಕೆ ಹಾಕಿ, ಗೂಡನ್ನು ಸಾಬೂನು ನೀರಿನಿಂದ ತಿಕ್ಕಿ ತೊಳೆದು ಒಣಗಿಸಿದ ಮೇಲೆಯೇ ಸೋಂಕುನಾಶಕ ಹಾಕಬೇಕು. ಹಿಕ್ಕೆ ಅಂಟಿಕೊಂಡಿರುವ ನೆಲದ ಮೇಲೆ ಎಷ್ಟು ಔಷಧಿ ಸುರಿದರೂ ವ್ಯರ್ಥ.

ಗುಂಬೋರೊ ಲಸಿಕೆಯನ್ನು ಸಾಮಾನ್ಯವಾಗಿ ಎರಡನೆಯ ವಾರದ ಕೊನೆಗೆ ಕೊಟ್ಟು, ಮತ್ತೆ ಒಂದೆರಡು ವಾರ ಬಿಟ್ಟು ಪುನಃ ಕೊಡುತ್ತಾರೆ. ತಾಯಿಕೋಳಿಯಿಂದ ಬಂದ ಪ್ರತಿಕಾಯ ಹೆಚ್ಚಿರುವಾಗ ಕೊಟ್ಟರೆ ಅದು ಲಸಿಕೆಯನ್ನೇ ಕೊಂದುಬಿಡುತ್ತದೆ, ತಡವಾದರೆ ರೋಗ ಮುಂದಾಗುತ್ತದೆ. ಆದ್ದರಿಂದ ಮರಿ ಕೊಳ್ಳುವಾಗಲೇ ತಾಯಿಕೋಳಿಗಳಿಗೆ ಲಸಿಕೆ ಆಗಿತ್ತೇ ಎಂದು ಕೇಳಿ, ಉತ್ತರವನ್ನು ವೈದ್ಯರಿಗೆ ತಿಳಿಸಿ ದಿನವನ್ನು ಗೊತ್ತುಮಾಡಬೇಕು. ನೀರಿನಲ್ಲಿ ಕೊಡುವುದಾದರೆ ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರು ಬೇಡ, ಸುರಂಗದ ನೀರು ಇರುವವರು ಅದನ್ನೇ ಬಳಸಲಿ. ಮರಿಗಳಿಗೆ ಒಂದೆರಡು ಗಂಟೆ ನೀರು ಕೊಡದೆ ಇದ್ದು, ಲಸಿಕೆ ಬೆರೆಸಿದ ನೀರು ಎರಡು ಗಂಟೆಯೊಳಗೆ ಮುಗಿಯುವಷ್ಟೇ ಇಡಬೇಕು. ಮೂರನೆಯ ವಾರ ದಾಟಿದ ಮೇಲೆ ಯಾವುದಾದರೂ ಮರಿ ಬೇರೆ ಕಾರಣದಿಂದ, ಕೀರಿ ಕಚ್ಚಿಯೋ ನಾಯಿ ಹಿಡಿದೋ ಸತ್ತರೆ ಅದನ್ನೂ ತೆರೆದು ಬರ್ಸಾವನ್ನು ಗುಲ್ಮದ ಪಕ್ಕದಲ್ಲಿಟ್ಟು ಅಳೆದು, ತಾರೀಕಿನ ಜೊತೆಗೆ ಬರೆದಿಡಿ. ಆ ತಂಡದ ಮುಂದಿನ ಕೊಕ್ಕರೆ ರೋಗದ ಲಸಿಕೆಯ ಬಗ್ಗೆ ವೈದ್ಯರೊಡನೆ ಮಾತನಾಡುವಾಗ ಆ ಅಳತೆ ಕೈಯಲ್ಲಿರಬೇಕು.